ಮುಖದ ಅಚ್ಚು ತೆಗೆಯೋಕೆ ಅಂತ ಆನ್‌ಲೈನಲ್ಲಿ ಸಿಲಿಕೋನ್ ತಗೊಳ್ಳುವ ಮುಂಚೆ ಇದನ್ನು ಓದಿ

ನಾಲ್ಕು ದಿನ ಆಯಿತು, ಸಿಟ್ಟು ಇಳಿದಿಲ್ಲ. ನನ್ನ ತಮ್ಮನ ಕುತ್ತಿಗೆ ಇನ್ನೂ ಕೆಂಪಗಿದೆ. ಮನೆಯಲ್ಲೇ ಹೆಡ್ ಕಾಸ್ಟ್, ಅಂದ್ರೆ ಇಡೀ ತಲೆಯ ಅಚ್ಚು, ಮಾಡಬೇಕು ಅಂದುಕೊಂಡವರು ದಯವಿಟ್ಟು ಪೂರ್ತಿ ಓದಿ.

ನಮ್ಮ ತಂಡದ ನಾಟಕದಲ್ಲಿ ತಮ್ಮನದು ಮುದುಕನ ಪಾತ್ರ, ಮೇಕಪ್ ನನ್ನದು. ಬೋಳುತಲೆ, ಜೋತುಬಿದ್ದ ಕೆನ್ನೆ ಎಲ್ಲ ಅವನ ಅಳತೆಗೇ ಕೂರಬೇಕು ಅಂದ್ರೆ ಮೊದಲು ಅವನ ತಲೆಯದ್ದೇ ಒಂದು ಪ್ಲಾಸ್ಟರ್ ಪ್ರತಿ ಬೇಕು. ಅದರ ಮೇಲೆ ಜೇಡಿಮಣ್ಣಲ್ಲಿ ಸುಕ್ಕು ತಿದ್ದಬೇಕು. ಆ ಪ್ಲಾಸ್ಟರ್ ಸುರಿಯೋಕೆ ಬೇಕಾದ ಅಚ್ಚನ್ನು ಆಲ್ಜಿನೇಟಲ್ಲೇ (ನೀರಲ್ಲಿ ಕಲಸಿ ಅಚ್ಚು ತೆಗೆಯುವ ಪುಡಿ) ತೆಗೆಯೋಣ ಅಂತಿದ್ದೆ. ಆದರೆ ಹಲ್ಲಿನ ಡಾಕ್ಟರುಗಳು ಬಳಸುವ ಆಲ್ಜಿನೇಟ್ ಎರಡು ಮೂರು ನಿಮಿಷಕ್ಕೇ ಗಟ್ಟಿಯಾಗುತ್ತದೆ, ಇಡೀ ತಲೆಗೆ ಹಚ್ಚಿ ಮುಗಿಸೋಕೆ ಸಾಲಲ್ಲ. ಅಷ್ಟರಲ್ಲಿ ಒಬ್ಬರು 'ಸ್ಕಿನ್ ಸೇಫ್ ಹೆಡ್ ಕಾಸ್ಟಿಂಗ್ ಸಿಲಿಕೋನ್' ಅಂತ ಮಾರುತ್ತಿದ್ದದ್ದು ಕಣ್ಣಿಗೆ ಬಿತ್ತು. ಮುಖಕ್ಕೆಲ್ಲ ಬಳಿದುಕೊಂಡು ಕೂತವನ ಫೋಟೋನೂ ಹಾಕಿದ್ದರು. ಆದರೂ ಮೆಸೇಜ್ ಮಾಡಿ ಕೇಳಿದೆ, ಮುಖಕ್ಕೆ ಹಚ್ಚಬಹುದಾ ಅಂತ. 'ಧಾರಾಳವಾಗಿ ಮೇಡಂ, ಸಿನಿಮಾದವರೆಲ್ಲ ಇದನ್ನೇ ತಗೊಳ್ತಾರೆ.' 3 ಕೆಜಿಗೆ 5,400 ರೂಪಾಯಿ ಕಳಿಸಿದೆ. ತಂಡದ ದುಡ್ಡು ಅದು, ನಂದಲ್ಲ.

ಭಾನುವಾರ ತಮ್ಮನನ್ನು ಹಾಲ್‌ನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಕೂದಲು ಮುಚ್ಚೋಕೆ ಬಾಲ್ಡ್ ಕ್ಯಾಪ್ ಅಂಟಿಸಿದೆ, ಹುಬ್ಬಿಗೆ, ರೆಪ್ಪೆಗೆ ವ್ಯಾಸಲಿನ್ ಹಚ್ಚಿದೆ. ಉಸಿರು ಕಟ್ಟಿದರೆ ಕೈ ಎತ್ತು ಅಂತ ಹೇಳಿಕೊಟ್ಟೆ, ಮೂಗಿನ ಹೊಳ್ಳೆ ನೋಡಿಕೊಳ್ಳೋಕೆ ಅಂತಲೇ ಒಬ್ಬ ಗೆಳತಿಯನ್ನು ಕರೆಸಿದ್ದೆ. ಆಮೇಲೆ ಡಬ್ಬ ತೆಗೆದೆ. ಒಂದು ಬಿಳಿ ಬಕೆಟ್, ಅದರ ಪಕ್ಕ ಕಣ್ಣಿಗೆ ಹಾಕುವ ಔಷಧಿಯ ಬಾಟಲಿಯಷ್ಟು ಚಿಕ್ಕ ಬಾಟಲಿ ಮೂರು. 100 ಗ್ರಾಮಿಗೆ 3 ಗ್ರಾಂ ಬೆರೆಸಿ ಅಂತ ಚೀಟಿ.

ಅಲ್ಲೇ ನಿಲ್ಲಿಸಬೇಕಿತ್ತು. ಮುಖಕ್ಕೆ ಹಾಕುವ ಪ್ಲಾಟಿನಂ ಸಿಲಿಕೋನ್ ಸಾಮಾನ್ಯವಾಗಿ ಎ ಮತ್ತು ಬಿ ಅಂತ ಎರಡು ಸಮ ಭಾಗದಲ್ಲಿ ಬರುತ್ತದೆ, ಬಗೆ ನೋಡಿಕೊಂಡು ಐದಾರು ನಿಮಿಷದಿಂದ ಇಪ್ಪತ್ತು ನಿಮಿಷದೊಳಗೆ ಗಟ್ಟಿಯಾಗುತ್ತದೆ. ಹನಿ ಹನಿಯಾಗಿ ಬೆರೆಸುವ ಇದು ತವರದ ಕೆಟಲಿಸ್ಟ್ (ಗಟ್ಟಿಯಾಗಿಸುವ ರಾಸಾಯನಿಕ) ಇರುವ ಸಿಲಿಕೋನ್. ಸೋಪು, ಮೇಣದಬತ್ತಿ, ಬೊಂಬೆ ಮಾಡುವವರು ಅಚ್ಚಿಗೆ ಬಳಸೋದು. ಚರ್ಮಕ್ಕೆ ಅಲ್ಲ, ಅಲ್ಲವೇ ಅಲ್ಲ. ಇದೆಲ್ಲ ಆಮೇಲೆ ಹುಡುಕಿ ಓದಿದ್ದು. ಆ ಹೊತ್ತಿಗೆ ಅವರ ಮಾತು ನಂಬಿ ಹಚ್ಚಿಬಿಟ್ಟೆ.

ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಗಟ್ಟಿಯಾಗೋದು ಬಿಡಿ, ಗಲ್ಲದಿಂದ ಇಳಿದು ಅಂಗಿ ಒಳಗೆ ಹೋಗುತ್ತಿದೆ. ತಮ್ಮ ಕೈ ಎತ್ತಿದ. ಒರೆಸಿ ಬಾಯಿ ಬಿಡಿಸಿದ ಕೂಡಲೇ 'ಅಕ್ಕಾ, ಕಿವಿ ಹಿಂದೆ ಉರೀತಿದೆ' ಅಂದ. ಹಳೇ ಸೀರೆ, ಟಿಶ್ಯೂ, ಕೊಬ್ಬರಿ ಎಣ್ಣೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ಒಂದು ಗಂಟೆ ಒರೆಸಿದ್ದೇವೆ. ಕತ್ತಿನ ಹತ್ತಿರ ಕ್ಯಾಪಿನ ಅಂಚಿನಿಂದ ಹೊರಗಿದ್ದ ಕೂದಲಿಗೆ ಹತ್ತಿದ್ದು ಹೋಗಲೇ ಇಲ್ಲ, ಕತ್ತರಿಸಬೇಕಾಯಿತು. ಮರುದಿನ ಡಾಕ್ಟರ್ ಮುಲಾಮು ಕೊಟ್ಟು ನನಗೆ ಚೆನ್ನಾಗಿ ಬೈದರು. ಬೈಯಲಿ, ತಪ್ಪೇನಿಲ್ಲ.

ಇನ್ನು ಮಾರಿದವರ ಉತ್ತರ ಕೇಳಿ. ಮೊದಲು: 'ಸೆಟ್ ಆಗೋಕೆ 8 ಗಂಟೆ ಬೇಕು ಮೇಡಂ, ನೀವು ಅವಸರ ಮಾಡಿದ್ದೀರಿ.' ಮುಖದ ಮೇಲೆ 8 ಗಂಟೆನಾ ಅಂತ ಕೇಳಿದೆ. 'ಮುಖಕ್ಕೆ ಹಾಕಿ ಅಂತ ನಾವು ಹೇಳಿಲ್ವಲ್ಲ.' ಅವರದ್ದೇ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದೆ. 'ನಿಮ್ಮ ತಮ್ಮನದು ಸೆನ್ಸಿಟಿವ್ ಸ್ಕಿನ್ ಇರಬೇಕು.' ದುಡ್ಡು ವಾಪಸ್ ಕೇಳಿದರೆ ಡಬ್ಬ ತೆಗೆದಾಗಿದೆಯಲ್ಲ ಅಂದರು. ಕೊನೆಗೆ ನನಗೆ ನಿಜಕ್ಕೂ ಮೈ ಉರಿದದ್ದು ಈ ಮಾತಿಗೆ: 'ಅಷ್ಟು ಅರ್ಜೆಂಟ್ ಇದ್ರೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಲಸಿ ಹಾಕಿ ಮೇಡಂ, ಅಗ್ಗ.'

ಪಿಒಪಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪ ಇದ್ದಷ್ಟೂ ಬಿಸಿ ಜಾಸ್ತಿ. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 16 ವರ್ಷದ ಹುಡುಗಿಯೊಬ್ಬಳು ಶಾಲೆಯ ಕಲಾ ತರಗತಿಯಲ್ಲಿ ಕಲಸಿದ ಪ್ಲಾಸ್ಟರಿನ ಬಕೆಟಿಗೆ ಕೈ ಇಟ್ಟು, ಸುಟ್ಟುಹೋಗಿ, ಬೆರಳುಗಳನ್ನೇ ಕಳೆದುಕೊಂಡಳು. ಅಚ್ಚಿನ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ವಿಷಯ ಇದು. ಆಲ್ಜಿನೇಟ್ ಹಚ್ಚಿ ಅದರ ಮೇಲೆ ತೆಳ್ಳಗೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತೋದು ಬೇರೆ, ಕಲಸಿದ ಪಿಒಪಿಯನ್ನು ಮನುಷ್ಯನ ಮುಖಕ್ಕೆ ಸುರಿಯೋದು ಬೇರೆ. ಅಚ್ಚಿನ ಸಾಮಾನು ಮಾರುವವರಿಗೇ ಇದು ಗೊತ್ತಿಲ್ಲವಾ? ಅಥವಾ ಗೊತ್ತಿದ್ದೂ ಹೇಳಿದರಾ?

ಚಿಕ್ಕ ಬಾಟಲಿ ಕಂಡರೆ ಮುಖಕ್ಕೆ ಹಚ್ಚಬೇಡಿ. ತಯಾರಕರ ಸೇಫ್ಟಿ ಶೀಟ್ (ಅದರಲ್ಲಿ ಏನಿದೆ, ಏನು ಅಪಾಯ ಅಂತ ಬರೆದಿರುವ ಹಾಳೆ) ಕೇಳಿ, ಕೊಡದಿದ್ದರೆ ಕೊಳ್ಳಬೇಡಿ. ಚರ್ಮಕ್ಕೆ ಅಂತಲೇ ಮಾಡಿದ್ದಾದರೂ, ಒಂದು ಚಮಚ ಕಲಸಿ ಮೊದಲು ನಿಮ್ಮ ಕೈ ಮೇಲೇ ಇಟ್ಟು ನೋಡಿ. ನಾನು ನೋಡಲಿಲ್ಲ, ಅದು ನನ್ನನ್ನು ಕೊರೆಯುತ್ತಿದೆ.

ಇವತ್ತು ಬೆಳಿಗ್ಗೆ ಆ ಪೇಜ್ ತೆಗೆದು ನೋಡಿದೆ. ಮುಖದ ಫೋಟೋ ತೆಗೆದುಹಾಕಿದ್ದಾರೆ. 'ಸ್ಕಿನ್ ಸೇಫ್' ಅನ್ನೋದು ಹಾಗೇ ಇದೆ.