ರಿಟ್ಜ್‌ನ ಟೈಮಿಂಗ್ ಚೈನ್: ಕಂಪನಿ ಪಾರ್ಟ್ಸಾ, ಮಾರ್ಕೆಟ್ ಕಿಟ್ಟಾ, ಬರೀ ಚೈನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಂಪನಿ ಪಾರ್ಟ್ಸ್‌ಗೆ. ನನ್ನ ಹತ್ತಿರ ಒಂದು ಪೆಟ್ರೋಲ್ ಮಾರುತಿ ರಿಟ್ಜ್ ಕಾರಿದೆ, ಭಾವನ ಹತ್ತಿರವೂ ಒಂದಿದೆ. ಎರಡರಲ್ಲೂ ಅದೇ 1197 ಸಿಸಿ ಕೆ-ಸೀರೀಸ್ ಎಂಜಿನ್. ಎರಡಕ್ಕೂ ಟೈಮಿಂಗ್ ಚೈನ್, ಅಂದರೆ ಪಿಸ್ಟನ್ ಓಡಿಸುವ ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮಿಗೂ ತಾಳ ಹೊಂದಿಸುವ ಚೈನ್, ನಾವೇ ಮನೆಯ ಶೆಡ್ಡಿನಲ್ಲಿ ಬದಲಾಯಿಸಿದೆವು. ನನ್ನ ಗಾಡಿಗೆ ಮಾರುತಿ ಕೌಂಟರಿನಲ್ಲಿ ಚಾಸಿಸ್ ನಂಬರ್ ಕೊಟ್ಟು ಒಂದೊಂದೇ ಪಾರ್ಟ್ ತಂದೆ. ಭಾವ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸುತ್ತಾಡಿ, ಎಲ್ಲ ಒಂದೇ ಡಬ್ಬದಲ್ಲಿರುವ ಮಾರ್ಕೆಟ್ ಕಿಟ್ ತಂದರು. ಬೆಲೆ ನನ್ನದರ ಅರ್ಧಕ್ಕಿಂತ ಕಡಿಮೆ. ಬರೀ ಚೈನ್ ಹಾಕಿ ಮುಗಿಸುವ ಮೂರನೇ ದಾರಿಯನ್ನು ಪಕ್ಕದ ಮನೆಯವರ ವ್ಯಾಗನ್‌ಆರ್‌ನಲ್ಲಿ ನೋಡಿದ್ದಾಯಿತು.

ಚೈನ್ ವಿಷಯದಲ್ಲಿ ಮಾರ್ಕೆಟ್ ಕಿಟ್ ಮೇಲೆ ನನಗೆ ದೊಡ್ಡ ತಕರಾರಿಲ್ಲ. ಎರಡು ಹೊಸ ಚೈನ್ ಮತ್ತು ಒಂದು ಹಳೇದನ್ನು ಅಕ್ಕಪಕ್ಕ ಮೊಳೆಗೆ ನೇತುಹಾಕಿದೆವು. ಹೊಸವೆರಡೂ ಒಂದೇ ಮಟ್ಟಕ್ಕೆ ನಿಂತವು, ಹಳೇದು ಸ್ವಲ್ಪ ಕೆಳಗೆ ಇಳಿದಿತ್ತು. ಚೈನ್ ಹಿಗ್ಗಿದೆ ಅಂತಾರಲ್ಲ, ನಿಜಕ್ಕೂ ಕಬ್ಬಿಣ ಹಿಗ್ಗಿರುವುದಿಲ್ಲ. ಒಂದೊಂದು ಕೊಂಡಿಯ ಪಿನ್ನೂ ಚೂರುಚೂರು ಸವೆದು, ಎಲ್ಲ ಸೇರಿ ಉದ್ದ ಜಾಸ್ತಿಯಾಗಿರುತ್ತದೆ.

ಸ್ಪ್ರಾಕೆಟ್ (ಹಲ್ಲುಚಕ್ರ) ಗುರುತಿಗೆ ಹೊಂದಿಸಲು ಕೆಲವು ಕೊಂಡಿಗಳಿಗೆ ಬಣ್ಣ ಹಚ್ಚಿರುತ್ತಾರೆ. ಮಾರ್ಕೆಟ್ ಚೈನಿನ ಆ ಬಣ್ಣ ಮಾತ್ರ ಎಣ್ಣೆ ಕೈ ತಾಗಿದ್ದೇ ತಡ, ಅಳಿಸಿಹೋಯಿತು. ಅಕ್ಕನ ನೇಲ್ ಪಾಲಿಶ್ ತಂದು ಮತ್ತೆ ಗುರುತು ಹಾಕಿದೆವು.

ಅಸಲಿ ತಲೆನೋವು ಟೆನ್ಷನರ್. ಚೈನ್ ಸಡಿಲವಾಗದಂತೆ ಗೈಡನ್ನು (ಚೈನ್ ಉಜ್ಜಿಕೊಂಡು ಓಡುವ ಪ್ಲಾಸ್ಟಿಕ್ ಪಟ್ಟಿ) ಒತ್ತಿ ಹಿಡಿಯುವ ಸಣ್ಣ ಪಾರ್ಟ್ ಅದು. ಎಂಜಿನ್ ಓಡುವಾಗ ಆಯಿಲ್ ಪ್ರೆಶರ್ ಅದರ ಪ್ಲಂಜರನ್ನು ಹೊರಗೆ ತಳ್ಳುತ್ತದೆ. ರಾತ್ರಿ ಗಾಡಿ ನಿಂತಾಗ ಆಯಿಲ್ ಇಳಿದುಹೋದರೂ ಪ್ಲಂಜರ್ ಹಿಂದಕ್ಕೆ ಜಾರಬಾರದು, ಅದಕ್ಕೇ ಒಳಗೆ ಹಲ್ಲು ಮತ್ತು ಒಂದು ಪುಟ್ಟ ಕೊಕ್ಕೆ ಇರುತ್ತದೆ. ಕೂರಿಸುವಾಗ ಪ್ಲಂಜರನ್ನು ಒಳಗೆ ಒತ್ತಿ, ತೂತಿಗೆ ತಂತಿ ಸಿಕ್ಕಿಸಬೇಕು. ಚೈನ್ ಕೂರಿಸಿ ಆದಮೇಲೆ ತಂತಿ ಎಳೆಯಬೇಕು. ಕಂಪನಿಯದು ತಂತಿ ಎಳೆದ ಕೂಡಲೇ ಟಕ್ ಅಂತ ಹೊರಗೆ ಬಂದು ನಿಂತಿತು. ಹೆಬ್ಬೆರಳಲ್ಲಿ ಎಷ್ಟು ಒತ್ತಿದರೂ ಹಿಂದಕ್ಕೆ ಹೋಗಲಿಲ್ಲ.

ಮಾರ್ಕೆಟ್‌ನದು ಒತ್ತಿದರೆ ಒಂದೆರಡು ಹಲ್ಲು ಹಿಂದಕ್ಕೆ ಜಾರುತ್ತಿತ್ತು. "ಆಯಿಲ್ ತುಂಬಿದ ಮೇಲೆ ಗಟ್ಟಿಯಾಗುತ್ತೆ ಬಿಡೋ" ಅಂದರು ಭಾವ. ಗಾಡಿ ಅವರದು, ನಾನೇನು ಹೇಳಲಿ? ಮಧ್ಯಾಹ್ನ ಸ್ಟಾರ್ಟ್ ಮಾಡಿದಾಗ ಸದ್ದೇ ಇಲ್ಲ. ಮರುದಿನ ಬೆಳಿಗ್ಗೆ ಕೀ ತಿರುಗಿಸಿದರೆ ಕಟಕಟಕಟ! ಎರಡು ಮೂರು ಸೆಕೆಂಡಿಗೆ ಆಯಿಲ್ ಏರಿ ಸದ್ದು ನಿಂತಿತು. ಆಮೇಲೆ ದಿನಾ ಬೆಳಿಗ್ಗೆ ಅದೇ ಕಥೆ. ಸುಮ್ನೆ ಬಿಡುವ ಹಾಗೂ ಇಲ್ಲ. ಸಡಿಲ ಚೈನ್ ಸ್ಪ್ರಾಕೆಟ್ ಮೇಲೆ ಹಲ್ಲು ಹಾರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುವ ಅಪಾಯ ಇದೆ.

ಇಷ್ಟಕ್ಕೂ ಬದಲಾಯಿಸಬೇಕಾದ್ದು ಅಂಗೈಯಲ್ಲಿ ಹಿಡಿಯುವ ಪಾರ್ಟ್. ಆದರೆ ಅದು ಕೂತಿರುವುದು ಟೈಮಿಂಗ್ ಕವರ್ ಒಳಗೆ. ಕವರ್ ಬಿಚ್ಚಬೇಕೆಂದರೆ ಮತ್ತೆ ಎಂಜಿನ್ನನ್ನು ಮೇಲಿನಿಂದ ಚೈನ್ ಬ್ಲಾಕ್‌ಗೆ (ಭಾರ ಎತ್ತುವ ರಾಟೆ) ತೂಗುಹಾಕಬೇಕು, ಎಂಜಿನ್ ಕೂತಿರುವ ಬಲಗಡೆ ಮೌಂಟ್ ತೆಗೆಯಬೇಕು, ವಾಲ್ವ್ ಕವರ್ ಎತ್ತಬೇಕು, ಮೊಂಡು ಕ್ರ್ಯಾಂಕ್ ಪುಲ್ಲಿ ಬೋಲ್ಟಿನ ಜೊತೆ ಗುದ್ದಾಡಬೇಕು, ಕೆಳಗಿನ ಆಯಿಲ್ ತಟ್ಟೆ, ಅಂದರೆ ಸಂಪ್, ಇಳಿಸಬೇಕು. ಹೊಸದಾಗಿ ತುಂಬಿದ ಆಯಿಲ್ ಬಕೆಟ್ಟಿಗೆ. ಎಲ್ಲಕ್ಕಿಂತ ಬೇಜಾರು, ಆಯಿಲ್ ಸೋರದಂತೆ ಕವರ್ ಅಂಚಿಗೆ ಹಚ್ಚಿದ ಹಳೆ ಸಿಲಿಕೋನ್ ಗಮ್ ಕೆರೆಯುವುದು. ಮೊನ್ನೆ ಮೊನ್ನೆ ಹಚ್ಚಿದ ಗಮ್ ರಬ್ಬರಿನ ಹಾಗೆ ಎಳೆಎಳೆಯಾಗಿ ಏಳುತ್ತದೆ. ಅಲ್ಯೂಮಿನಿಯಂ ಮೇಲೆ ಗೀರು ಬೀಳದ ಹಾಗೆ ಪ್ಲಾಸ್ಟಿಕ್ ತುಂಡಿನಲ್ಲಿ ಕೆರೆಯುತ್ತಾ ಕೂರಬೇಕು. ಕೊನೆಗೆ ಕಂಪನಿಯ ಟೆನ್ಷನರ್ ಒಂದನ್ನೇ ತಂದು ಹಾಕಿದೆವು, ಬೆಳಗಿನ ಸದ್ದು ನಿಂತಿತು. ಎರಡನೇ ಸಲದ ಆಯಿಲ್, ಫಿಲ್ಟರ್, ಗಮ್, ಟೆನ್ಷನರ್ ಲೆಕ್ಕ ಹಾಕಿದರೆ ಉಳಿಸಿದ ದುಡ್ಡಿನಲ್ಲಿ ಏನೂ ಉಳಿಯಲಿಲ್ಲ.

ಇನ್ನು ಬರೀ ಚೈನ್ ಹಾಕುವ ದಾರಿ. ವ್ಯಾಗನ್‌ಆರ್‌ನ ಹಳೆ ಗೈಡುಗಳ ಮೇಲೆ ಚೈನ್ ಓಡಿ ಕಾಲುವೆ ಬಿದ್ದಿತ್ತು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಚೂರು ಮುರಿದು ಸಂಪ್‌ಗೆ ಬಿದ್ದರೆ ಆಯಿಲ್ ಎಳೆಯುವ ಜಾಲರಿಗೆ ಅಡ್ಡ ಕೂರುತ್ತದೆ. ಅವರು ಗಾಡಿ ಮಾರುವವರಿದ್ದರು, ಅವರಿಗೆ ಸರಿಹೋಯಿತು. ಇಟ್ಟುಕೊಳ್ಳುವವರಿಗೆ ನಾನು ಹೇಳಲಾರೆ.

ಗಮ್ ಮೂರು ಗಾಡಿಗೂ ಅನಾಬಾಂಡ್ ಬ್ರ್ಯಾಂಡಿನದು. ಒಂದು ರಾತ್ರಿ ಒಣಗಲು ಬಿಟ್ಟೆವು, ಎಲ್ಲೂ ಸೋರಲಿಲ್ಲ.

ಒಂದು ಮಾತು: ಚೈನ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಸ್ಪ್ರಾಕೆಟ್ ಗುರುತು ನೋಡುತ್ತೇವೆ ಅಲ್ವಾ, ಆಗ ಬಣ್ಣದ ಕೊಂಡಿಗಳು ಬೇರೆ ಕಡೆ ಇರುತ್ತವೆ. ಗಾಬರಿ ಬೇಡ, ಸ್ಪ್ರಾಕೆಟ್ ಗುರುತು ಸರಿಯಿದ್ದರೆ ಸಾಕು.

ನನ್ನದು ದಿನಾ ಆಫೀಸಿಗೆ ಹೋಗುವ ಗಾಡಿ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡುತ್ತೇನೆ, ಹತ್ತಿರದ ಓಡಾಟವೇ ಜಾಸ್ತಿ, ಸದ್ಯಕ್ಕೆ ಮಾರುವ ಯೋಚನೆಯೂ ಇಲ್ಲ. ಹಾಗಾಗಿ ಕವರ್ ಒಳಗಿನದೆಲ್ಲ ಕಂಪನಿಯದೇ. ದುಡ್ಡು ಸಾಲದೇ ಹೋದರೆ ಟೆನ್ಷನರ್ ಮತ್ತು ಗೈಡ್ ಕಂಪನಿಯದು ತಂದು, ಚೈನ್ ಒಂದನ್ನು ಮಾರ್ಕೆಟ್‌ನದು ಹಾಕಿಯೇನು. ಭಾವ ಈಗ ಉಲ್ಟಾ ಹೊಡೆದಿದ್ದಾರೆ, ಆಲ್ಟರ್ನೇಟರ್ ಬೆಲ್ಟೂ ಕಂಪನಿಯದೇ ಬೇಕಂತೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಬೆಲ್ಟ್ ಇರುವುದು ಕವರ್ ಹೊರಗೆ, ಯಾವ ಭಾನುವಾರ ಬೇಕಾದರೂ ಬದಲಾಯಿಸಬಹುದು.