ತಮಟೆ ಬಾರಿಸೋಕೆ ಸರ್ವೋನಾ, ಸೊಲೆನಾಯ್ಡಾ?

ತಮಟೆಯನ್ನು ಯಂತ್ರದ ಕೈಲಿ ಬಾರಿಸಬೇಕು ಅನ್ನೋದು ನನ್ನ ಹುಚ್ಚು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕರೆಂಟ್ ಕೊಟ್ಟರೆ ಕಡ್ಡಿ ಜಿಗಿಯುವ ಸೊಲೆನಾಯ್ಡ್‌ಗೆ. ಒಂದೂವರೆ ವರ್ಷದಲ್ಲಿ ಮೂರು ದಾರಿ ನೋಡಿದ್ದೇನೆ. ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಸರ್ವೋ ಮೋಟರ್ ಕಟ್ಟಿ ನೋಡಿದೆ, ನಮ್ಮೂರ ದೇವಸ್ಥಾನದ ನಗಾರಿ ಯಂತ್ರದ ಹಿಂದೆ ಕೂತು ನೋಡಿದೆ, ಕೊನೆಗೆ ಸೊಲೆನಾಯ್ಡ್‌ಗೆ ಬಂದು ನಿಂತೆ. ಈಗ ನನ್ನ ಕೋಣೆಯಲ್ಲಿ ಒಂದು ತಮಟೆ, ಒಂದು ಜಾಗಟೆ, ಒಂದು ಗೊಂಚಲು ಗೆಜ್ಜೆ ಇವೆ. ಸೀಕ್ವೆನ್ಸರ್ ಅಂದರೆ ಯಾವ ಏಟು ಯಾವಾಗ ಅಂತ ನೆನಪಿಟ್ಟು ಹೇಳುವ ಪೆಟ್ಟಿಗೆ. ಅದರಲ್ಲಿ ಗುಂಡಿ ಒತ್ತಿದರೆ ಮೂರೂ ತಾವಾಗಿಯೇ ನುಡಿಯುತ್ತವೆ. ರೆಕಾರ್ಡ್ ಮಾಡಿಟ್ಟ ಸದ್ದಲ್ಲ, ನಿಜವಾದ ಚರ್ಮದ ಮೇಲೆ ನಿಜವಾದ ಏಟು. ಆ ಸುಖವೇ ಬೇರೆ.

ಈ ಹುಚ್ಚು ಹತ್ತಿದ್ದು ಒಂದು ವಿಡಿಯೋ ನೋಡಿ. ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೆನಿ 2010ರಲ್ಲಿ ವೇದಿಕೆ ತುಂಬ ಯಂತ್ರವಾದ್ಯಗಳನ್ನು ಇಟ್ಟುಕೊಂಡು ಒಬ್ಬರೇ ಕಛೇರಿ ಕೊಟ್ಟಿದ್ದರು. ಅವುಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು ಎರಿಕ್ ಸಿಂಗರ್ ಅವರ ಲೆಮರ್ ತಂಡ. ಅಷ್ಟೆಲ್ಲ ನಮ್ಮ ಕೈಲಿ ಆಗಲ್ಲ ನಿಜ. ಒಂದು ತಮಟೆಯಾದರೂ ಆಗಬಹುದಲ್ವಾ ಅಂದುಕೊಂಡೆ.

ಎಲ್ಲರ ಹಾಗೆ ಸರ್ವೋದಿಂದಲೇ ಶುರು ಮಾಡಿದೆ. ನೀಲಿ ಬಣ್ಣದ ಪುಟ್ಟ ಎಸ್‌ಜಿ90, ತೂಕ ಬರೀ 9 ಗ್ರಾಂ. ಅದರ ಕೈಗೆ ಐಸ್‌ಕ್ಯಾಂಡಿ ಕಡ್ಡಿ ಅಂಟಿಸಿ, ಆರ್ಡುಯಿನೊ ಅನ್ನುವ, ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಜೋಡಿಸಿ, ತಮಟೆ ಪಕ್ಕ ಇಟ್ಟೆ. ಮೊದಲ ಏಟು ಬಿದ್ದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆಮೇಲೆ ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿದೆ. ಒಂದು ಏಟು ಸರಿಯಾಗಿ ಬಿದ್ದರೆ ಇನ್ನೊಂದು ಕುಂಟುತ್ತಿತ್ತು. ಎರಡು ವಾರ ಕೋಡ್ ತಿದ್ದಿದರೂ ಹೋಗಲಿಲ್ಲ.

ತೊಂದರೆ ಕೋಡ್‌ನಲ್ಲಿ ಇರಲಿಲ್ಲ. ಇಂಥ ಸರ್ವೋಗೆ 20 ಮಿಲಿಸೆಕೆಂಡ್‌ಗೆ ಒಮ್ಮೆ ಮಾತ್ರ ಸಿಗ್ನಲ್ ಹೋಗುತ್ತದೆ. ನಾವು 'ಹೊಡಿ' ಅಂದ ಕ್ಷಣ ಆ ಸಿಗ್ನಲ್ ಈಗಷ್ಟೇ ಹೋಗಿಬಿಟ್ಟಿದ್ದರೆ ಮುಂದಿನದಕ್ಕೆ ಕಾಯಬೇಕು. ಹಾಗಾಗಿ ಒಂದು ಏಟು ತಕ್ಷಣ, ಇನ್ನೊಂದು 20 ಮಿಲಿಸೆಕೆಂಡ್ ತಡ. ದಿನಾ ಹತ್ತು ನಿಮಿಷ ಲೇಟಾಗಿ ಬರುವ ಬಸ್ಸಿಗೆ ನಾವು ಹತ್ತು ನಿಮಿಷ ಲೇಟಾಗಿ ಮನೆ ಬಿಡಬಹುದು. ಒಂದು ದಿನ ಬೇಗ, ಒಂದು ದಿನ ಲೇಟು ಬರುವ ಬಸ್ಸನ್ನು ನಂಬೋದು ಹೇಗೆ? ವೇಗವೂ ಸಾಲದು. 60 ಡಿಗ್ರಿ ತಿರುಗಲು 0.1 ಸೆಕೆಂಡ್ ಬೇಕು. ಟೆಂಪೋ ನಿಮಿಷಕ್ಕೆ 120 ಬೀಟ್ ಇದ್ದರೆ, ಬೀಟಿನ ಕಾಲು ಭಾಗವಾದ ಒಂದು ಸ್ಟೆಪ್‌ಗೆ ಸಿಗುವುದೇ 125 ಮಿಲಿಸೆಕೆಂಡ್. ಅಷ್ಟರಲ್ಲಿ ಕೋಲು ಇಳಿದು ಏಟು ಹಾಕಿ ಮತ್ತೆ ಮೇಲೇಳಬೇಕು. ಜೊತೆಗೆ ಮೆಲ್ಲಗೆ ಬಾರಿಸುವಾಗ ಮೋಟರಿನ ಜೀಂಯ್ ಸದ್ದು ಬೇರೆ.

ಹಾಗಂತ ಸರ್ವೋವನ್ನು ಎಸೆದಿಲ್ಲ. ಗೆಜ್ಜೆ ಅಲ್ಲಾಡಿಸೋಕೆ ಅದೇ ಚೆನ್ನ.

ದೇವಸ್ಥಾನದ ಯಂತ್ರವನ್ನು ನೀವೂ ನೋಡಿರುತ್ತೀರಿ. ಮಂಗಳಾರತಿ ಹೊತ್ತಿಗೆ ನಗಾರಿ, ಜಾಗಟೆ, ಗಂಟೆ ಒಟ್ಟಿಗೆ ಬಾರಿಸುತ್ತದಲ್ಲ, ಅದು. ಮೋಟರ್ ಒಂದು ಸರಳನ್ನು ತಿರುಗಿಸುತ್ತದೆ, ಸರಳಿನ ಮೇಲಿರುವ ಉಬ್ಬುಗಳು ಕೋಲನ್ನು ಎತ್ತಿ ಬಿಡುತ್ತವೆ. ಆ ಉಬ್ಬುಗಳೇ ಅದರ ಸೀಕ್ವೆನ್ಸರ್. "ಸ್ವಿಚ್ ಹಾಕಿದ್ರೆ ಆಯ್ತು ಕಣಪ್ಪ, ನಿಲ್ಸೋವರೆಗೂ ಹೊಡೀತಾನೇ ಇರುತ್ತೆ" ಅಂದರು ನಮ್ಮೂರ ಭಟ್ಟರು. ಗಟ್ಟಿತನದಲ್ಲಿ ಇದನ್ನು ಯಾವುದೂ ಮೀರಿಸಲ್ಲ. ಆದರೆ ತಾಳ ಬದಲಿಸಬೇಕು ಅಂದರೆ ಲೇತ್ ಅಂಗಡಿಗೆ ಹೋಗಬೇಕು. ನನಗೆ ಸಂಜೆಗೆ ನಾಲ್ಕು ತಾಳ ಬದಲಿಸುವ ಅಭ್ಯಾಸ.

ಇನ್ನು ಸೊಲೆನಾಯ್ಡ್. ತಾಮ್ರದ ಸುರುಳಿ, ಒಳಗೊಂದು ಕಬ್ಬಿಣದ ಕಡ್ಡಿ. ಕರೆಂಟ್ ಕೊಟ್ಟರೆ ಕಡ್ಡಿ ಜಿಗಿಯುತ್ತದೆ, ಅಷ್ಟೇ. ಗೇರ್ ಇಲ್ಲ, ಕಾಯುವುದಿಲ್ಲ. ತಡ ಇದಕ್ಕೂ ಇದೆ, ಆದರೆ ಪ್ರತಿ ಏಟಿಗೂ ಹೆಚ್ಚುಕಡಿಮೆ ಅಷ್ಟೇ ತಡ. ಜೊತೆಗೆ ನುಡಿಯುವ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ಅನ್ನು ಅಷ್ಟೇ ತಡವಾಗಿ ನುಡಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ತಮಟೆಗೆ ಎರಡು ಕಟ್ಟಿದ್ದೇನೆ. ಬಾರಿಸುವವರ ಕೈಯಲ್ಲಿ ಒಂದು ದಪ್ಪ ಕೋಲು, ಒಂದು ತೆಳ್ಳನೆ ಕಡ್ಡಿ ಇರುತ್ತದಲ್ಲ, ಹಾಗೇ. ಮೊದಲ ಸಲ ಆನ್‌ಲೈನ್‌ನಲ್ಲಿ ತರಿಸಿದ್ದು ಬಾಗಿಲ ಬೀಗದ ಸೊಲೆನಾಯ್ಡ್ ಆಗಿತ್ತು. ಅದು ಒಳಕ್ಕೆ ಎಳೆಯುತ್ತದೆ, ಹೊರಕ್ಕೆ ತಳ್ಳುವುದಿಲ್ಲ. ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ, ಕೈಯಲ್ಲಿ ಹಿಡಿದು, 12 ವೋಲ್ಟ್ ಕೊಟ್ಟು ನೋಡಿಯೇ ತಂದೆ.

ಈಗ ನನ್ನ ತಿಂಗಳುಗಟ್ಟಲೆ ನಿದ್ದೆ ಕೆಡಿಸಿದ ವಿಷಯ. ಸೊಲೆನಾಯ್ಡ್ ಕಟ್ಟಿದ ಮೇಲೆ ಸಮಯ ಸರಿಯಾಯಿತು, ಆದರೆ ನಾದವೇ ಇಲ್ಲ! 'ಢಣ್' ಅನ್ನಬೇಕಾದ ತಮಟೆ 'ಢಪ್' ಅನ್ನುತ್ತಿತ್ತು. ಚರ್ಮ ಸಡಿಲ ಆಗಿದೆ ಅಂದುಕೊಂಡು ಬೆಂಕಿಗೆ ಹಿಡಿದು ಕಾಯಿಸಿದೆ. ಕೈಯಲ್ಲಿ ಬಾರಿಸಿದರೆ ಖಣಖಣ, ಯಂತ್ರ ಬಾರಿಸಿದರೆ ಮತ್ತೆ ಢಪ್. ಜಾಗಟೆಯದ್ದೂ ಅದೇ ಕಥೆ.

ಒಂದು ರಾತ್ರಿ ಸೀಕ್ವೆನ್ಸರ್ ಸಂದೇಶಗಳನ್ನು ಆರ್ಡುಯಿನೊಗೆ ತರುವ ಮಿಡಿ ಕೇಬಲ್ ಎಡವಿ ಕಿತ್ತುಬಂತು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಕೋಣೆ ತುಂಬ ವಾರ್ನಿಶ್ ಸುಟ್ಟ ವಾಸನೆ. ಸೊಲೆನಾಯ್ಡ್ ಮುಟ್ಟಿದರೆ ಕಾದ ತವೆಯ ಹಾಗಿತ್ತು. ಹತ್ತಿರ ಬಗ್ಗಿ ನೋಡಿದೆ. ಕಡ್ಡಿ ತಮಟೆಯ ಚರ್ಮಕ್ಕೆ ಒತ್ತಿಕೊಂಡು ಹಾಗೇ ನಿಂತಿತ್ತು. ಆಗ ಅರ್ಥವಾಯಿತು. ಸೀಕ್ವೆನ್ಸರ್ 'ಶುರು' ಅಂತ ಒಂದು ಸಂದೇಶ, 'ನಿಲ್ಲಿಸು' ಅಂತ ಇನ್ನೊಂದು ಸಂದೇಶ ಕಳಿಸುತ್ತದೆ. ನನ್ನ ಕೋಡ್ ಎರಡರ ನಡುವೆ ಪೂರ್ತಿ ಕರೆಂಟ್ ಕೊಡುತ್ತಿತ್ತು. ಅಂದರೆ ಪ್ರತಿ ಏಟಿನ ನಂತರವೂ ಕಡ್ಡಿ ಚರ್ಮವನ್ನು ಒತ್ತಿ ಹಿಡಿದು, ನಾದವನ್ನು ತಾನೇ ಕೊಲ್ಲುತ್ತಿತ್ತು. ಆ ರಾತ್ರಿ ಕೇಬಲ್ ಕಿತ್ತಿದ್ದರಿಂದ 'ನಿಲ್ಲಿಸು' ಬರಲೇ ಇಲ್ಲ.

ಈಗ 'ನಿಲ್ಲಿಸು' ಸಂದೇಶವನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೇನೆ. 'ಶುರು' ಬಂದ ತಕ್ಷಣ 8ರಿಂದ 20 ಮಿಲಿಸೆಕೆಂಡ್ ಕರೆಂಟ್, ಆಮೇಲೆ ಆರ್ಡುಯಿನೊ ತಾನೇ ಬಂದ್ ಮಾಡುತ್ತದೆ. 'ಶುರು' ಸಂದೇಶದ ಜೊತೆಗೇ ಏಟಿನ ಜೋರು 1ರಿಂದ 127ರವರೆಗಿನ ಅಂಕಿಯಾಗಿ ಬರುತ್ತದೆ, ಅದನ್ನೇ ಈ ಸಮಯಕ್ಕೆ ಹೊಂದಿಸಿದೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಸೊಲೆನಾಯ್ಡ್ ನೇರವಾಗಿ ಚರ್ಮಕ್ಕೆ ಹೊಡೆಯುವುದಿಲ್ಲ. ಕೋಲಿಗೆ ಚಿಕ್ಕ ಕೀಲು ಹಾಕಿ, ಬುಡಕ್ಕೆ ತಳ್ಳು ಕೊಡಿಸಿದೆ. ಕೊನೆಯ ಒಂದಿಷ್ಟು ದೂರ ಕೋಲು ತನ್ನ ರಭಸಕ್ಕೇ ಹೋಗಿ ಬಡಿದು, ರಬ್ಬರ್ ಬ್ಯಾಂಡಿನಿಂದ ವಾಪಸ್ ಬರುತ್ತದೆ. ಮಣಿಕಟ್ಟು ಸಡಿಲ ಬಿಟ್ಟು ಬಾರಿಸಿದ ಹಾಗೆ. ಆವತ್ತು ಮೊದಲ ಸಲ ಯಂತ್ರದಿಂದ 'ಢಣ್' ಕೇಳಿದೆ.

ಸಣ್ಣ ಮಾತುಗಳು: ಪ್ರತಿ ಸೊಲೆನಾಯ್ಡ್‌ಗೂ ಉಲ್ಟಾ ದಿಕ್ಕಿಗೆ ಒಂದು 1ಎನ್4007 ಡಯೋಡ್ ಹಾಕಲೇಬೇಕು. ಸೊಲೆನಾಯ್ಡ್‌ಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್ ಆದ ಮಾಸ್‌ಫೆಟ್ ತರುವಾಗ ಐಆರ್‌ಎಲ್‌ಝಡ್44ಎನ್ ಅಂತಲೇ ಓದಿ ತನ್ನಿ. 'ಎಲ್' ಬದಲು 'ಎಫ್' ಇದ್ದರೆ ಆರ್ಡುಯಿನೊದ 5 ವೋಲ್ಟ್‌ಗೆ ಅದು ಪೂರ್ತಿ ತೆರೆಯುವುದಿಲ್ಲ. ಆರ್ಡುಯಿನೊಗೂ ಸೊಲೆನಾಯ್ಡ್‌ಗೂ ಬೇರೆ ಬೇರೆ ಅಡಾಪ್ಟರ್ ಇಡಿ, ಗ್ರೌಂಡ್ ಮಾತ್ರ ಸೇರಿಸಿ.

ಸೀಕ್ವೆನ್ಸರ್ ವಿಷಯದಲ್ಲಿ ನಾನು ಸೋತದ್ದು ಏಳರ ಎಣಿಕೆಯ ತಾಳವಾದ ಮಿಶ್ರಛಾಪುವಿಗೆ. ಮೊದಲು ತಗೊಂಡ ಹಳೇ ಡ್ರಮ್ ಪೆಟ್ಟಿಗೆಯಲ್ಲಿ 16 ಸ್ಟೆಪ್ ಅಂದರೆ 16 ಸ್ಟೆಪ್ಪೇ. ತಕಿಟ ತಕಧಿಮಿ ಕೂರಲು ನನಗೆ 7ರ ಎರಡರಷ್ಟು, ಅಂದರೆ 14 ಬೇಕು. ಗೆಳೆಯನ ಸೀಕ್ವೆನ್ಸರ್ ಕಾರ್ಗ್ ಎಸ್‌ಕ್ಯೂ-1 ತಂದು ನೋಡಿದೆ. ಸಾಲಿಗೆ 8 ಸ್ಟೆಪ್, ಎರಡು ಸಾಲು. ಬೇಡದ ಸ್ಟೆಪ್ ಬಿಟ್ಟು ಮುಂದೆ ಹೋಗುತ್ತದೆ, ಹಾಗಾಗಿ 7 ಸಲೀಸು. ಪುಟ್ಟದು, ಬಲು ಮುದ್ದಾದದ್ದು. ಆದರೆ ನನ್ನ ವಾದ್ಯಗಳಿಗೆ ಎರಡು ಸಾಲು ಸಾಲದು. ಕೊನೆಗೆ ಆರ್ಟುರಿಯಾ ಬೀಟ್‌ಸ್ಟೆಪ್ ಪ್ರೊ, ಬಳಸಿದ್ದನ್ನು 15,000 ರೂಪಾಯಿಗೆ ತಗೊಂಡೆ. ಡ್ರಮ್‌ಗೇ 16 ಟ್ರ್ಯಾಕ್, 64 ಸ್ಟೆಪ್‌ವರೆಗೆ ಹೋಗಬಹುದು, ಕೊನೆಯ ಸ್ಟೆಪ್ ಎಲ್ಲಿ ಅಂತ ಒಂದು ಗುಂಡಿಯಲ್ಲಿ ಹೇಳಬಹುದು. 14 ಅಂದೆ, ಕೇಳಿತು. ಲ್ಯಾಪ್‌ಟಾಪ್‌ನಲ್ಲೂ ಇದೆಲ್ಲ ಆಗುತ್ತದೆ. ಇಡೀ ದಿನ ಆಫೀಸಿನಲ್ಲಿ ಅದನ್ನೇ ನೋಡುವ ನನಗೆ ಸಂಜೆ ಮತ್ತೆ ಅದರ ಮುಂದೆ ಕೂರೋಕೆ ಮನಸ್ಸಿಲ್ಲ.

ನಿಮ್ಮ ಬಳಿ 3,000 ರೂಪಾಯಿ ಇದ್ದರೆ ಸೀಕ್ವೆನ್ಸರ್ ಸದ್ಯಕ್ಕೆ ಬೇಡ. ಒಂದು ಆರ್ಡುಯಿನೊ, ತಳ್ಳುವ ಜಾತಿಯ ಎರಡು ಸೊಲೆನಾಯ್ಡ್ ತನ್ನಿ. ತಾಳವನ್ನು ಕೋಡ್‌ನಲ್ಲೇ ಬರೆದು ಶುರು ಮಾಡಿ. ಏಟಿನ ಸಮಯ ಹೆಚ್ಚುಕಡಿಮೆ ಮಾಡಲು ಹೊರಗಡೆ ಒಂದು ತಿರುಗಿಸುವ ಗುಂಡಿಯನ್ನು ಮಾತ್ರ ತಪ್ಪದೆ ಹಾಕಿ. ಮಳೆ ಬಂದ ದಿನ ಚರ್ಮ ಸಡಿಲವಾಗುತ್ತದೆ. ನಿನ್ನೆ ಬೆಳಿಗ್ಗೆ 12 ಮಿಲಿಸೆಕೆಂಡ್‌ಗೆ ಸರಿಯಾಗಿದ್ದ ನನ್ನ ತಮಟೆ ಸಂಜೆ 15 ಕೇಳಿತು.