ಮಾಡಹಾಗಲ: ಕಾಡಿನದೋ, ಅಸ್ಸಾಮಿನದೋ?

ಮುಳ್ಳುಮುಳ್ಳು ಕಾಯಿ ಬಿಡುವ ಬಳ್ಳಿ ತರಕಾರಿ ಮಾಡಹಾಗಲದಲ್ಲಿ ಹಿತ್ತಿಲಿಗೆ ಯಾವುದು ಒಳ್ಳೆಯದೆಂದರೆ, ನನ್ನ ಮತ ಅಸ್ಸಾಂ ಮಾಡಹಾಗಲಕ್ಕೆ. ಸಾಗರದ ನಮ್ಮ ಹಿತ್ತಿಲಲ್ಲಿ ಅದನ್ನೂ ಕಾಡು ಮಾಡಹಾಗಲವನ್ನೂ ಮೂರು ಮಳೆಗಾಲ ಬೆಳೆಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ರುಚಿಯಲ್ಲಿ ಕಾಡಿನದೇ ಒಂದು ಕೈ ಮೇಲು, ಅದರಲ್ಲಿ ತಕರಾರಿಲ್ಲ. ಹೆಸರಿನಲ್ಲಿ ಹಾಗಲವಿದ್ದರೂ ಎರಡರಲ್ಲೂ ಕಹಿಯಿಲ್ಲ.

ಕಾಡಿನದನ್ನು ಬೀಜದಿಂದ ಬೆಳೆಸಲು ಹೋಗಿ ಕೆಟ್ಟೆ. ಬೀಜದ ಸಿಪ್ಪೆ ಬಲು ಗಟ್ಟಿ. ಹನ್ನೆರಡರಲ್ಲಿ ಮೊಳೆತದ್ದು ನಾಲ್ಕು. ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂ ಬಿಡುವ ತನಕ ಯಾವುದು ಏನೆಂದು ಗೊತ್ತಾಗುವುದಿಲ್ಲ. ಹೆಣ್ಣು ಹೂವಾದರೆ ಎಸಳಿನ ಕೆಳಗೆ ಬಟಾಣಿಯಷ್ಟು ಪುಟ್ಟ ಮುಳ್ಳುಕಾಯಿ ಇರುತ್ತದೆ. ನನ್ನ ನಾಲ್ಕು ಬಳ್ಳಿಗಳಲ್ಲೂ ಬರೀ ತೊಟ್ಟು. ಅತ್ತೆ ಬಂದು ನೋಡಿ, "ಚಪ್ಪರ ಹಾಕಿದೆ, ನಾಲ್ಕು ಗಂಡುಗಳೂ ಬಂದವು, ಹೆಣ್ಣೆಲ್ಲಿ ಮಾರಾಯ್ತಿ?" ಎಂದು ನಕ್ಕರು.

ಆ ಸಿಟ್ಟಿಗೆ ನರ್ಸರಿಯೊಂದರಿಂದ ನೂರೈವತ್ತು ರೂಪಾಯಿಗೊಂದರಂತೆ ಅಸ್ಸಾಮಿನ ಮೂರು ಗಿಡ ತಂದೆ. ಹೆಣ್ಣೇ ಎಂದು ಆಣೆ ಮಾಡಿ ಕೊಟ್ಟರು. ನಿಜಕ್ಕೂ ಮೂರೂ ಹೆಣ್ಣೇ! ಗಂಡೂ ಬೇಕೆಂದು ಮಾತ್ರ ಹೇಳಲಿಲ್ಲ. ಮನೆಯಲ್ಲೇ ನಾಲ್ಕು ಗಂಡು ಬಳ್ಳಿಗಳಿವೆಯಲ್ಲ ಎಂದು ನಾನೂ ಧೈರ್ಯದಿಂದಿದ್ದೆ. ಆದರೆ ಕಾಡಿನದರ ಹಳದಿ ಹೂ ಅರಳುವುದು ಮುಸ್ಸಂಜೆಗೆ. ಅಸ್ಸಾಮಿನ ತಿಳಿಬಣ್ಣದ, ನಡುವೆ ಕಪ್ಪು ಮಚ್ಚೆಯ ಹೂ ಅರಳುವುದು ಬೆಳಗಿನ ಜಾವ. ಜಾತಿಯೂ ಬೇರೆ, ಹೊತ್ತೂ ಬೇರೆ. ದಿನಾ ಬೆಳಿಗ್ಗೆ ಹಳದಿಗಟ್ಟಿದ ಕಿರುಕಾಯಿಗಳನ್ನು ಚಪ್ಪರದಡಿಯಿಂದ ಗುಡಿಸಿದ್ದೇ ಆ ವರ್ಷದ ಫಸಲು.

ಮರುವರ್ಷ ಅದೇ ಜಾತಿಯ ಗಂಡು ಗಿಡವೊಂದನ್ನು ತಂದೆ. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದ 'ಅರ್ಕಾ ಭಾರತ್' ಈ ಅಸ್ಸಾಂ ಜಾತಿಯದೇ ತಳಿ; ಯಾವುದನ್ನು ಕೊಂಡರೂ ಗಂಡು-ಹೆಣ್ಣು ಕೇಳಿಯೇ ತನ್ನಿ. ಗಂಡು ತಂದರೂ ಕೆಲಸ ಮುಗಿಯಲಿಲ್ಲ. ನಮ್ಮ ಕಡೆಯ ದುಂಬಿಗಳು ಈ ಹೂವಿನತ್ತ ತಿರುಗಿಯೂ ನೋಡುವುದಿಲ್ಲ. ಗಂಡು ಹೂ ಕಿತ್ತು, ಎಸಳು ಹರಿದು, ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಬೆಳಿಗ್ಗೆ ಎಂಟು ಗಂಟೆಯೊಳಗೆ ಆದರೆ ಒಳ್ಳೆಯದು. ಮೂರು ದಿನ ತವರಿಗೆ ಹೋಗಿ ಬಂದರೆ ಆ ಮೂರು ದಿನದ ಕಾಯಿ ಹೋದಂತೆಯೇ.

ಕಾಡಿನದಕ್ಕೆ ಈ ಉಪಚಾರ ಬೇಡ. ಮಾವನ ಬೆಟ್ಟದಿಂದ ಹೆಣ್ಣು ಗೆಡ್ಡೆಯೊಂದನ್ನು ತಂದು ನೆಟ್ಟ ಮೇಲೆ ಸಂಜೆಯ ಪತಂಗಗಳೇ ಎಲ್ಲ ನೋಡಿಕೊಂಡವು. ಖರ್ಚು ಸೊನ್ನೆ. ಆದರೆ ಕಾಯಿ ನೆಲ್ಲಿಕಾಯಿಗಿಂತ ತುಸು ದೊಡ್ಡದು, ಅಷ್ಟೇ. ಒಂದು ಪಲ್ಯಕ್ಕೆ ಇಪ್ಪತ್ತಾದರೂ ಬೇಕು, ಒಂದೇ ದಿನ ಇಪ್ಪತ್ತು ಸಿಕ್ಕ ನೆನಪಿಲ್ಲ. ಅಸ್ಸಾಮಿನದು ಐದಾರು ಕಾಯಿ ಕೊಯ್ದರೆ ನಾಲ್ವರ ಊಟಕ್ಕಾಯಿತು. ಅಗಲ ಬಿಲ್ಲೆಯಾಗಿ ಹೆಚ್ಚಬಹುದಾದ್ದರಿಂದ ಬಜ್ಜಿಯಂಥ ಪೋಡಿಗಂತೂ ಇದೇ ಸರಿ.

ಚಳಿಗಾಲದಲ್ಲಿ ಎರಡೂ ಒಣಗಿ ಗೆಡ್ಡೆಯಾಗಿ ಮಲಗುತ್ತವೆ. ಆಗ ಕನಿಕರಪಟ್ಟು ನೀರು ಹಾಕಬೇಡಿ. ನಮ್ಮವರು ಹಾಕಿ ಒಂದು ಗೆಡ್ಡೆ ಕೊಳೆಸಿದರು.

ದೇವರ ಹೂ ಕೊಯ್ಯಲು ನಾನು ಆರಕ್ಕೆಲ್ಲ ಹಿತ್ತಿಲಿಗೆ ಇಳಿಯುವವಳು. ಅದೇ ಸುತ್ತಿನಲ್ಲಿ ಹತ್ತು ಹೂ ಮುಟ್ಟಿಸಿ ಬರುವುದು ನನಗೆ ಭಾರವಲ್ಲ. ತಡವಾಗಿ ಏಳುವವರು, ಆಗಾಗ ಊರು ಬಿಡುವವರು ಕಾಡಿನದನ್ನೇ ನೆಡಿ. ಕಾಡಿನ ನಾಲ್ಕು ಗಂಡುಗಳಲ್ಲಿ ಮೂರನ್ನು ಕಿತ್ತು ಒಂದನ್ನು ಆ ಹೆಣ್ಣಿಗೆಂದು ಉಳಿಸಿಕೊಂಡಿದ್ದೇನೆ. ಅತ್ತೆಗೆ ಹುರಿದ ಪಲ್ಯಕ್ಕೆ ಕಾಡಿನದೇ ಆಗಬೇಕು.